ಮಿತವ್ಯಯ ಮತ್ತು ಇತಿಹಾಸ: ‘ಡಬಲ್ ನಿಕಲ್ಸ್ ಆನ್ ದ ಡೈಮ್’ ಧ್ವನಿಮುದ್ರಿಕೆಯ ಒಂದು ವಿವೇಚನೆ

೧

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಅಮೆರಿಕದ ಪಂಕ್ ರಾಕ್ ತಂಡವೊಂದರ ಹಾಡುಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವು ವಾಚಕರಿಗೆ ಅಸಂಗತವೆಂದು ತೋರಬಹುದು. ಶಾಸನ, ಕಡತ, ನಾಣ್ಯ, ಪ್ರವಾಸಿಗಳ ಬರಹ ಇವುಗಳನ್ನು ಆಕರವಾಗಿ ಬಳಸಿ ರೂಢಿಯಾದ ನಮಗೆ ಹಾಡಿನ ತಟ್ಟೆಯೂ ಒಂದು ಆಕರವೆಂಬುದು ಒಡನೆಯೇ ಹೊಳೆಯುವುದಿಲ್ಲ. ಆದರೆ ದುಡಿಯುವ ಜನ ತಮ್ಮ ಕಾಲವನ್ನು ಕುರಿತು ತಾವೇ ಏನು ಹೇಳಿದರು ಎಂಬ ಪ್ರಶ್ನೆಯನ್ನು ಎತ್ತಿದೊಡನೆ ನಮ್ಮ ಎಂದಿನ ಆಕರಗಳು ಬಹುಮಟ್ಟಿಗೆ ಮೌನ ತಾಳುತ್ತವೆ. ದೇವಾಲಯಕ್ಕೆ ದತ್ತಿ ಬಿಟ್ಟವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಅದರ ಕಲ್ಲನ್ನು ಗಾಡಿಗೇರಿಸಿ ತಂದವರ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಧ್ವನಿಮುದ್ರಣದ ಸಾಧನಗಳು ಅಗ್ಗವಾಗಿ ಸಾಮಾನ್ಯರ ಕೈಗೆ ಎಟುಕುವಂತಾದಾಗ ಈ ಸ್ಥಿತಿಯಲ್ಲಿ ಒಂದಿಷ್ಟು ವ್ಯತ್ಯಾಸವುಂಟಾಯಿತು. ಆ ವ್ಯತ್ಯಾಸದ ಒಳ್ಳೆಯ ನಿದರ್ಶನವೊಂದನ್ನು ಇಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ವಿವೇಚನೆಗೆ ತೆಗೆದುಕೊಂಡಿರುವ ಕೃತಿ ‘ಡಬಲ್ ನಿಕಲ್ಸ್ ಆನ್ ದ ಡೈಮ್’. ಇದನ್ನು ರಚಿಸಿದವರು ಕ್ಯಾಲಿಫೋರ್ನಿಯದ ‘ಮಿನಿಟ್‌ಮೆನ್’ ಎಂಬ ಮೂವರ ತಂಡ; ಹೊರತಂದದ್ದು ‘ಎಸ್.ಎಸ್.ಟಿ.’ ಎಂಬ ಸಣ್ಣ ಸ್ವತಂತ್ರ ಸಂಸ್ಥೆ. ಪ್ರಕಟವಾದದ್ದು ೧೯೮೪ರ ಜುಲೈ ತಿಂಗಳಲ್ಲಿ. ಎರಡು ತಟ್ಟೆಗಳ ನಾಲ್ಕು ಮಗ್ಗುಲುಗಳಲ್ಲಿ ನಲವತ್ತೈದು ತುಣುಕುಗಳಿವೆ. ಅವುಗಳಲ್ಲಿ ಬಹುಪಾಲು ಎರಡು ನಿಮಿಷವನ್ನು ಮುಟ್ಟುವುದಿಲ್ಲ.

ಪಂಕ್ ರಾಕ್ ಎಂಬ ಸಂಗೀತಪ್ರಕಾರದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ೧೯೭೦ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ಇದು ತಲೆಯೆತ್ತಿತು. ಅಂದಿನ ರಾಕ್ ಸಂಗೀತ ಭಾರಿ ಕ್ರೀಡಾಂಗಣಗಳನ್ನೂ ದುಬಾರಿ ಉಪಕರಣಗಳನ್ನೂ ದೀರ್ಘ ವಾದನಗಳನ್ನೂ ನೆಚ್ಚಿಕೊಂಡು ಕೇಳುಗರಿಂದ ಬಹುದೂರ ಸರಿದಿತ್ತು. ವಿಶೇಷ ಶಿಕ್ಷಣವಿಲ್ಲದವರೂ ವಾದ್ಯ ಹಿಡಿದು ತಮ್ಮ ಮಾತನ್ನು ತಾವೇ ಹಾಡಬಹುದೆಂಬುದನ್ನು ಪಂಕ್ ರೂಢಿಗೆ ತಂದಿತು. ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವವರೇ ಮುದ್ರಿಸಿ ಮಾರುವ ಸಣ್ಣ ಸಂಸ್ಥೆಗಳು ಇದರೊಂದಿಗೆ ಹುಟ್ಟಿಕೊಂಡವು. ವೇಗ, ಕಾಠಿಣ್ಯ, ಕೋಪ ಇವುಗಳೇ ಈ ಪ್ರಕಾರದ ಲಕ್ಷಣಗಳೆಂದು ಹೊರಗಿನವರು ಎಣಿಸುವುದುಂಟು. ಪ್ರಕೃತ ಕೃತಿಯನ್ನು ಕೇಳಿದವರು ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಈ ಧ್ವನಿಮುದ್ರಿಕೆಯ ರೂಪಕ್ಕೂ ವಸ್ತುವಿಗೂ ಮೂಲವಾದುದು ಮಿತವ್ಯಯ ಎಂಬುದು ನಮ್ಮ ಪ್ರತಿಪಾದನೆ. ಹಣವಿಲ್ಲದ ಕಾರಣ ಒದಗಿಬಂದ ಮಿತವ್ಯಯವನ್ನು ಈ ಮೂವರು ಒಂದು ವಿಚಾರವಾಗಿಯೂ ಕಲೆಯ ನಿಯಮವಾಗಿಯೂ ಬೆಳೆಸಿಕೊಂಡರು. ಆ ನಿಯಮಕ್ಕೆ ನಿಷ್ಠವಾದ ಹಾಡುಗಳು ಇತಿಹಾಸಕಾರನಿಗೆ ನಿಜವಾದ ಸಾಕ್ಷ್ಯವಾಗುತ್ತವೆ. ನಿಯಮ ಸಡಿಲಿದೆಡೆ ಹಾಡೂ ಸಡಿಲುತ್ತದೆ, ಸಾಕ್ಷ್ಯವೂ ಸಡಿಲುತ್ತದೆ.

೨

ಮೊದಲು ಊರಿನ ವಿಚಾರ. ಸ್ಯಾನ್ ಪೀಡ್ರೊ ಲಾಸ್ ಏಂಜಲೀಸ್ ಮಹಾನಗರದ ಬಂದರು. ಮೊದಲು ಪ್ರತ್ಯೇಕ ಪಟ್ಟಣವಾಗಿದ್ದ ಇದನ್ನು ೧೯೦೯ರಲ್ಲಿ ನಗರಕ್ಕೆ ಸೇರಿಸಿಕೊಳ್ಳಲಾಯಿತು. ಹಡಗುಕಟ್ಟೆಯ ಕೂಲಿಗಳು, ಮೀನುಗಾರರು, ನೌಕಾಪಡೆಯವರ ಸಂಸಾರಗಳು ಇಲ್ಲಿನ ನಿವಾಸಿಗಳು. ಚಲನಚಿತ್ರಗಳಿಂದ ಜಗತ್ತಿಗೆ ಪರಿಚಿತವಾದ ಹಾಲಿವುಡ್ಡಿಗೂ ಈ ಊರಿಗೂ ಆಡಳಿತದಲ್ಲಿ ಒಂದೇ ನಗರವೆಂಬ ಸಂಬಂಧವಿದೆಯೇ ಹೊರತು ಬಾಳಿನಲ್ಲಿ ಬಲು ಅಂತರ. ೧೯೨೩ರಲ್ಲಿ ಇಲ್ಲಿನ ಬಂದರು ಕಾರ್ಮಿಕರು ಹೂಡಿದ ದೊಡ್ಡ ಸಂಪಿನ ಕಾಲದಲ್ಲಿ ಅವರ ಪರವಾಗಿ ನಿಂತ ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಸಾರ್ವಜನಿಕವಾಗಿ ಅಮೆರಿಕದ ಸಂವಿಧಾನವನ್ನು ಓದುತ್ತಿದ್ದಾಗ ಬಂಧನಕ್ಕೊಳಗಾದ ಪ್ರಸಂಗ ಅಮೆರಿಕದ ಕಾರ್ಮಿಕ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಈ ಊರಿನಲ್ಲಿ ಬೆಳೆದ ಡಿ. ಬೂನ್ ಮತ್ತು ಮೈಕ್ ವಾಟ್ ಬಾಲ್ಯದ ಗೆಳೆಯರು. ಬೂನರ ಮನೆಯವರು ವಾಸಿಸುತ್ತಿದ್ದುದು ಎರಡನೆಯ ಮಹಾಯುದ್ಧದ ಕಾಲದ ಸೈನಿಕರ ಬಿಡಾರಗಳನ್ನು ಮಾರ್ಪಡಿಸಿ ಮಾಡಿದ ಸರಕಾರಿ ವಸತಿಯಲ್ಲಿ. ವಾಟರ ತಂದೆ ನೌಕಾಪಡೆಯವರು. ಬೂನ್ ಗಿಟಾರನ್ನೂ ವಾಟ್ ಬಾಸ್ ಗಿಟಾರನ್ನೂ ಕೈಗೆತ್ತಿಕೊಂಡರು. ವಾಟರಿಗೆ ಬಾಸ್ ನುಡಿಸುವಂತೆ ಸೂಚಿಸಿದವರು ಬೂನರ ತಾಯಿ. ೧೯೮೦ರಲ್ಲಿ ತಂಡ ಕಟ್ಟಿದ ಕೆಲವು ತಿಂಗಳಲ್ಲೇ ಡ್ರಮ್ ನುಡಿಸಲು ಜಾರ್ಜ್ ಹರ್ಲಿ ಸೇರಿದರು. ಅದೇ ವರ್ಷ ಹೊರಬಂದ ಅವರ ಮೊದಲ ತಟ್ಟೆಯಲ್ಲಿ ಏಳು ಹಾಡುಗಳು. ಒಟ್ಟು ಅವಧಿ ಏಳು ನಿಮಿಷಕ್ಕೂ ಕಡಮೆ. ೧೯೮೧ರ ‘ದ ಪಂಚ್ ಲೈನ್’ ಎಂಬ ತಟ್ಟೆಯಲ್ಲಿ ಹದಿನೆಂಟು ಹಾಡುಗಳು ಸುಮಾರು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತವೆ. ಈ ಹ್ರಸ್ವತೆಗೆ ಪ್ರೇರಣೆ ಇಂಗ್ಲೆಂಡಿನ ‘ವೈರ್’ ಎಂಬ ತಂಡದ ೧೯೭೭ರ ‘ಪಿಂಕ್ ಫ್ಲ್ಯಾಗ್’. ಅದರಲ್ಲಿ ಇಪ್ಪತ್ತೊಂದು ಹಾಡುಗಳಿದ್ದವು.

ತಂಡದ ಹೆಸರನ್ನು ಕುರಿತು ಒಂದು ಮಾತು ಹೇಳಬೇಕು. ಹಾಡುಗಳು ನಿಮಿಷಮಾತ್ರದವಾದ್ದರಿಂದ ಈ ಹೆಸರು ಬಂತೆಂಬ ನಂಬಿಕೆ ಬಹುವಾಗಿ ಹಬ್ಬಿದೆ, ಅದು ಸರಿಯಲ್ಲ. ೧೭೭೫ರಲ್ಲಿ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಎಂಬಲ್ಲಿ ಬ್ರಿಟಿಷ್ ಪಡೆಗಳನ್ನು ಎದುರಿಸಿದ, ಕ್ಷಣಮಾತ್ರದಲ್ಲಿ ಆಯುಧ ಹಿಡಿದು ಸಿದ್ಧರಾಗುತ್ತಿದ್ದ ರೈತ ಸೈನಿಕರನ್ನು ‘ಮಿನಿಟ್‌ಮೆನ್’ ಎಂದು ಕರೆಯುತ್ತಿದ್ದರು. ೧೯೬೦ರ ದಶಕದಲ್ಲಿ ಉಗ್ರ ಬಲಪಂಥೀಯ ಗುಂಪೊಂದು ಈ ಹೆಸರನ್ನು ತನ್ನದಾಗಿಸಿಕೊಂಡಿತು. ಬೂನರ ತಂಡ ಆ ಗುಂಪನ್ನು ಅಣಕಿಸಿ ಹೆಸರನ್ನು ಮರಳಿ ಕಿತ್ತುಕೊಂಡಿತೆನ್ನಬಹುದು. ಇಂಗ್ಲಿಷಿನಲ್ಲಿ ಅದೇ ಕಾಗುಣಿತದ ಇನ್ನೊಂದು ಉಚ್ಚಾರಣೆಗೆ ‘ಅತಿ ಸಣ್ಣವರು’ ಎಂಬ ಅರ್ಥ ಬರುವುದೂ ಅವರಿಗೆ ಪ್ರಿಯವಾಗಿತ್ತು. ಬೂನರಿಗೆ ಚಿಕ್ಕಂದಿನಿಂದಲೂ ಇತಿಹಾಸದಲ್ಲಿ ಆಸಕ್ತಿಯಿದ್ದಿತೆಂಬುದನ್ನು ನೆನೆದರೆ ಈ ಆಯ್ಕೆ ಆಕಸ್ಮಿಕವಲ್ಲವೆಂದು ತಿಳಿಯುತ್ತದೆ. ತಮ್ಮ ದೇಶದ ಸ್ಥಾಪನೆಯ ಕಥೆಯನ್ನು ಯಾರು ಹೇಳಬೇಕು, ಯಾರ ಪರವಾಗಿ ಹೇಳಬೇಕು ಎಂಬ ವಿವಾದ ಹೆಸರಿನಲ್ಲಿಯೇ ಅಡಗಿದೆ.

೩

ಇನ್ನು ಧ್ವನಿಮುದ್ರಿಕೆ ಸಿದ್ಧವಾದ ಬಗೆ. ೧೯೮೩ರ ನವೆಂಬರಿನಲ್ಲಿ ಈಥನ್ ಜೇಮ್ಸ್ ಎಂಬ ಮುದ್ರಣಕಾರರೊಡನೆ, ಅವರ ‘ರೇಡಿಯೊ ಟೋಕಿಯೊ’ ಮುದ್ರಣಶಾಲೆಯಲ್ಲಿ, ಒಂದು ತಟ್ಟೆಗೆ ಸಾಕಾಗುವಷ್ಟು ಹಾಡುಗಳನ್ನು ತಂಡ ಮುದ್ರಿಸಿತು. ಅಷ್ಟರಲ್ಲಿ ಅದೇ ಸಂಸ್ಥೆಯ ‘ಹಸ್ಕರ್ ಡೂ’ ಎಂಬ ಇನ್ನೊಂದು ತಂಡ ‘ಜೆನ್ ಆರ್ಕೇಡ್’ ಎಂಬ ಜೋಡಿತಟ್ಟೆಯನ್ನು ಮುದ್ರಿಸಿರುವ ಸಂಗತಿ ಇವರಿಗೆ ತಿಳಿಯಿತು. ಸ್ನೇಹದ ಸ್ಪರ್ಧೆಯಿಂದ ಇವರೂ ಎರಡು ತಟ್ಟೆಯ ಕೃತಿಗೆ ಕೈಹಾಕಿ, ಇನ್ನೂ ಎರಡು ಡಜನ್ನಿನಷ್ಟು ಹಾಡುಗಳನ್ನು ರಚಿಸಿ ೧೯೮೪ರ ಏಪ್ರಿಲಿನಲ್ಲಿ ಮುದ್ರಿಸಿದರು. ಎಂಟು ಪಥಗಳ ಉಪಕರಣದ ಮೇಲೆ ಒಂದೇ ರಾತ್ರಿಯಲ್ಲಿ ಧ್ವನಿಗಳ ಹೊಂದಾಣಿಕೆ ಮುಗಿಯಿತು. ಎಲ್ಲಕ್ಕೂ ತಗುಲಿದ ವೆಚ್ಚ ಸುಮಾರು ೧೧೦೦ ಡಾಲರು. ನಲವತ್ತೈದಕ್ಕೆ ಹಂಚಿದರೆ ತುಣುಕೊಂದಕ್ಕೆ ಇಪ್ಪತ್ತೈದು ಡಾಲರೂ ಬೀಳುವುದಿಲ್ಲ.

ಈ ಲೆಕ್ಕವನ್ನು ನಾವು ಕುತೂಹಲಕ್ಕಾಗಿ ಕೊಡುತ್ತಿಲ್ಲ. ಬಾಡಿಗೆ ಕಡಮೆಯಿರುವ ಅವೇಳೆಯಲ್ಲಿ ಮುದ್ರಿಸುವುದು, ಬಳಸಿದ ಟೇಪನ್ನೇ ಮತ್ತೆ ಬಳಸುವುದು, ಕತ್ತರಿಸಿ ಜೋಡಿಸುವ ಖರ್ಚು ತಪ್ಪಲೆಂದು ತಟ್ಟೆಯಲ್ಲಿ ಬರಬೇಕಾದ ಕ್ರಮದಲ್ಲಿಯೇ ಹಾಡುಗಳನ್ನು ಹಾಡುವುದು: ಇವು ಈ ತಂಡ ಮೊದಲಿನಿಂದ ರೂಢಿಸಿಕೊಂಡಿದ್ದ ಪದ್ಧತಿಗಳು. ಪ್ರವಾಸದಲ್ಲಿ ತಾವೇ ವ್ಯಾನು ಓಡಿಸುತ್ತಿದ್ದರು, ತಮ್ಮ ಸಾಮಾನನ್ನು ತಾವೇ ಹೊರುತ್ತಿದ್ದರು. ಇದಕ್ಕೆಲ್ಲ ಅವರು ಇಟ್ಟುಕೊಂಡಿದ್ದ ಹೆಸರು ‘ಇಕಾನೊ’, ಅಂದರೆ ಮಿತವ್ಯಯ. ನಮ್ಮ ಕಡೆ ‘ಹಾಸಿಗೆಯಿದ್ದಷ್ಟು ಕಾಲು ಚಾಚು’ ಎಂಬ ಮಾತಿದೆ. ಸಾಮಾನ್ಯವಾಗಿ ಇದನ್ನು ಸಂಯಮದ ಉಪದೇಶವಾಗಿ ಹೇಳುತ್ತಾರೆ. ಈ ಮೂವರು ಅದನ್ನು ಸ್ವಾತಂತ್ರ್ಯದ ಉಪಾಯವಾಗಿ ತಿಳಿದರು. ಸಾಲ ಮಾಡದವನಿಗೆ ಸಾಲಿಗನ ಭಯವಿಲ್ಲ. ಹನ್ನೊಂದು ನೂರು ಡಾಲರಿನಲ್ಲಿ ಮುಗಿದ ಕೃತಿ ಹತ್ತು ಲಕ್ಷ ಜನರಿಗೆ ಹಿಡಿಸಲೇಬೇಕೆಂಬ ಕಟ್ಟುಪಾಡಿಲ್ಲ. ಇಂಥ ಹಾಡಿಗೆ ಮಾರುಕಟ್ಟೆ ಇದೆಯೇ ಎಂದು ಕೇಳುವ ಅಧಿಕಾರಿ ಇವರ ಮತ್ತು ಹಾಡಿನ ನಡುವೆ ಇರಲಿಲ್ಲ.

ಹಾಡಿನ ರೂಪದ ಮೇಲೂ ಇದರ ಪರಿಣಾಮ ಸ್ಪಷ್ಟವಾಗಿದೆ. ಪೀಠಿಕೆಯಿಲ್ಲ, ಪಲ್ಲವಿಯ ಪುನರಾವರ್ತನೆ ಬಹಳ ವಿರಳ, ಹೇಳಬೇಕಾದುದು ಮುಗಿದೊಡನೆ ಹಾಡು ನಿಲ್ಲುತ್ತದೆ. ಅಗಲವಿಲ್ಲದ ಕಲ್ಲಿನ ಮೇಲೆ ಬರೆಯಬೇಕಾದ ಶಾಸನಕಾರ ವಿಶೇಷಣಗಳನ್ನು ಬಿಟ್ಟು ಸಂಗತಿಯನ್ನು ಹೇಳುವಂತೆ ಇವರೂ ಹೇಳುತ್ತಾರೆ. ಕೆಲವೆಡೆ ಈ ಸಂಕ್ಷೇಪ ಅಸ್ಪಷ್ಟತೆಗೆ ಇಳಿಯುವುದೂ ಉಂಟು. ಆ ವಿಚಾರ ಮುಂದೆ ಬರುತ್ತದೆ.

ಕೃತಿಯ ಹೆಸರು ಕೂಡ ಮಿತವ್ಯಯದ ಒಂದು ಪ್ರಸಂಗಕ್ಕೆ ಸಂಬಂಧಿಸಿದೆ. ‘ನಿಕಲ್’ ಎಂದರೆ ಐದು ಸೆಂಟಿನ ನಾಣ್ಯ, ‘ಡೈಮ್’ ಎಂದರೆ ಹತ್ತು ಸೆಂಟಿನದು. ಐದನ್ನು ಎರಡು ಬಾರಿ ಬರೆದರೆ ಐವತ್ತೈದು. ಹತ್ತು ಎಂಬುದು ಆ ಪ್ರಾಂತದ ಹೆದ್ದಾರಿಯ ಸಂಖ್ಯೆ. ಹತ್ತನೆಯ ಹೆದ್ದಾರಿಯಲ್ಲಿ ಗಂಟೆಗೆ ಐವತ್ತೈದು ಮೈಲಿ ವೇಗದಲ್ಲಿ ಹೋಗುವುದು ಎಂಬುದು ವಾಹನ ಓಡಿಸುವವರ ಪರಿಭಾಷೆಯಲ್ಲಿ ಇದರ ತಾತ್ಪರ್ಯ. ೧೯೭೩ರಲ್ಲಿ ಅರಬ್ ದೇಶಗಳು ತೈಲ ಪೂರೈಕೆಗೆ ನಿರ್ಬಂಧ ಹಾಕಿದ ತರುವಾಯ ಇಂಧನ ಉಳಿಸಲೆಂದು ಅಮೆರಿಕದ ಸರಕಾರ ೧೯೭೪ರಲ್ಲಿ ರಾಷ್ಟ್ರಾದ್ಯಂತ ಈ ವೇಗಮಿತಿಯನ್ನು ವಿಧಿಸಿತು. ಅದು ಪೂರ್ತಿ ರದ್ದಾದದ್ದು ೧೯೯೫ರಲ್ಲಿ. ೧೯೮೪ರಲ್ಲಿ ಸ್ಯಾಮಿ ಹೇಗರ್ ಎಂಬ ಜನಪ್ರಿಯ ರಾಕ್ ಗಾಯಕರು ಈ ಮಿತಿಯೊಳಗೆ ವಾಹನ ಓಡಿಸಲು ತಮ್ಮಿಂದಾಗದೆಂದು ಸಾರುವ ಹಾಡೊಂದನ್ನು ಹೊರತಂದರು. ಮಿನಿಟ್‌ಮೆನ್ ಅದಕ್ಕೆ ಕೊಟ್ಟ ಉತ್ತರ ಈ ಹೆಸರು. ರಕ್ಷಾಪುಟದ ಚಿತ್ರದಲ್ಲಿ ವಾಟ್ ತಮ್ಮ ಹಳೆಯ ಕಾರನ್ನು ಓಡಿಸುತ್ತಿದ್ದಾರೆ. ವೇಗದ ಮುಳ್ಳು ಐವತ್ತೈದರ ಮೇಲೆ ನಿಂತಿದೆ. ಮುಂದೆ ಸ್ಯಾನ್ ಪೀಡ್ರೊ ಎಂಬ ಫಲಕ ಕಾಣುತ್ತದೆ. ರಸ್ತೆಯಲ್ಲಿ ಕಾಯಿದೆ ಮುರಿಯುವುದು ಸುಲಭದ ಬಂಡಾಯ, ಸ್ವಂತ ಹಾಡು ಕಟ್ಟುವುದು ಕಷ್ಟದ ಬಂಡಾಯ ಎಂಬುದು ಅವರ ಅಭಿಪ್ರಾಯವಾಗಿತ್ತು.

೪

ಸಂಗೀತದ ವಿಚಾರದಲ್ಲಿ ನಾವು ತಜ್ಞರಲ್ಲ. ಆದರೂ ಒಂದು ಸಂಗತಿ ಸಾಮಾನ್ಯ ಕೇಳುಗನ ಗಮನಕ್ಕೂ ಬರುವಂಥದು. ರಾಕ್ ಸಂಗೀತದಲ್ಲಿ ಗಿಟಾರು ಯಜಮಾನ, ಬಾಸ್ ಮತ್ತು ಡ್ರಮ್‌ಗಳು ಪರಿಚಾರಕರು ಎಂಬ ರೂಢಿಯಿದೆ. ಬೂನ್ ಬೇಕೆಂದೇ ತಮ್ಮ ಗಿಟಾರನ್ನು ತೆಳುವಾದ ತಾರದ ಧ್ವನಿಯಲ್ಲಿ ಇರಿಸಿ, ಕೆಳಗಿನ ಸ್ಥಾಯಿಯನ್ನೆಲ್ಲ ವಾಟರ ಬಾಸಿಗೆ ತೆರವುಮಾಡಿಕೊಟ್ಟರು. ನಡುವೆ ಹರ್ಲಿಯವರ ಡ್ರಮ್ಮಿಗೆ ಸಾಕಷ್ಟು ಜಾಗ ಬಿಟ್ಟರು. ಮೂರು ವಾದ್ಯಗಳೂ ಒಂದನ್ನೊಂದು ಮುಚ್ಚದೆ ಬೇರೆಬೇರೆಯಾಗಿ ಕೇಳಿಸುತ್ತವೆ. ಬೂನರಿಗೆ ಇದು ರಾಜಕೀಯ ವಿಚಾರವೇ ಆಗಿತ್ತೆಂದು ವಾಟ್ ಅನಂತರ ವಿವರಿಸಿದ್ದಾರೆ. ಸಮಾನತೆಯನ್ನು ಹಾಡುವ ತಂಡಗಳು ಅನೇಕ ಇವೆ; ವಾದ್ಯಗಳ ನಡುವೆಯೇ ಅದನ್ನು ಪಾಲಿಸಿದ ತಂಡಗಳು ಕೆಲವೇ.

ನಾಲ್ಕು ಮಗ್ಗುಲುಗಳ ವಿಂಗಡಣೆಯೂ ಇದೇ ತತ್ವವನ್ನು ಅನುಸರಿಸಿದೆ. ಪಿಂಕ್ ಫ್ಲಾಯ್ಡ್ ತಂಡದ ೧೯೬೯ರ ‘ಉಮಾಗುಮಾ’ ಎಂಬ ಕೃತಿಯಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಸ್ವಂತ ಭಾಗವಿದ್ದುದನ್ನು ಕಂಡು, ಇವರು ಒಬ್ಬೊಬ್ಬರಿಗೆ ಒಂದೊಂದು ಮಗ್ಗುಲನ್ನು ವಹಿಸಿಕೊಂಡರು. ಸರದಿಯ ಮೇಲೆ ಹಾಡುಗಳನ್ನು ಆರಿಸಿಕೊಂಡು, ತಮ್ಮ ತಮ್ಮ ಕಾರಿನ ಎಂಜಿನ್ನಿನ ಸದ್ದನ್ನೂ ಕೃತಿಯಲ್ಲಿ ಸೇರಿಸಿದರು. ಯಾರೂ ಆರಿಸದೆ ಉಳಿದ ಹಾಡುಗಳು ನಾಲ್ಕನೆಯ ಮಗ್ಗುಲಿಗೆ ಬಂದವು. ಅದಕ್ಕೆ ಅವರೇ ಕೊಟ್ಟ ಹೆಸರು ‘ಜೊಳ್ಳು’.

ದುಡಿಮೆಯನ್ನು ಕುರಿತ ಹಾಡುಗಳಲ್ಲಿ ‘ದಿಸ್ ಏಂಟ್ ನೋ ಪಿಕ್‌ನಿಕ್’ ಮುಖ್ಯವಾದುದು. ಮೋಟಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಬೂನ್ ಕೆಲಸಕ್ಕಿದ್ದಾಗ, ಕಪ್ಪು ಜನಾಂಗದವರ ಸಂಗೀತವನ್ನು ರೇಡಿಯೊದಲ್ಲಿ ಕೇಳಕೂಡದೆಂದು ಮೇಲ್ವಿಚಾರಕನೊಬ್ಬ ಹೀನ ಮಾತನ್ನಾಡಿ ತಡೆದನಂತೆ. ಹಾಡು ಹುಟ್ಟಿದುದು ಅಲ್ಲಿ. ಮೇಲ್ವಿಚಾರಕನ ಅಧಿಕಾರ, ಜನಾಂಗದ್ವೇಷ, ಸಂಬಳಕ್ಕಾಗಿ ಬಾಯಿಮುಚ್ಚಿಕೊಂಡಿರಬೇಕಾದ ಅವಮಾನ ಈ ಮೂರನ್ನೂ ಹಾಡು ಎರಡು ನಿಮಿಷದೊಳಗೆ ಒಟ್ಟಿಗೆ ಹಿಡಿದಿದೆ. ‘ಟೇಕ್ ಫೈವ್, ಡಿ.’ ಎಂಬ ಹಾಡಿನ ಕಥೆ ಇನ್ನೂ ಸ್ವಾರಸ್ಯವಾದುದು. ವಾಟರ ಸಾಹಿತ್ಯ ನೆಲಬಿಟ್ಟು ತೇಲುತ್ತದೆಂದು ಬೂನ್ ಆಕ್ಷೇಪಿಸಿದಾಗ, ಸ್ನಾನದ ಮನೆಯಲ್ಲಿ ನೀರು ಸೋರುವುದನ್ನು ಕುರಿತು ಮನೆಯೊಡತಿ ಬರೆದ ಚೀಟಿಯನ್ನೇ ವಾಟ್ ಹಾಡಾಗಿಸಿದರು. ಮೇಲುನೋಟಕ್ಕೆ ಇದು ವಿನೋದ. ಆದರೆ ಬಾಡಿಗೆದಾರರ ದಿನಬಳಕೆಯ ಒಂದು ಕಾಗದ, ಯಾವ ದಫ್ತರಖಾನೆಯೂ ಕಾಪಾಡದಂಥದು, ಹೀಗೆ ಉಳಿದುಬಂದಿದೆ ಎಂಬುದನ್ನು ನಮ್ಮಂಥವರು ಮರೆಯುವಂತಿಲ್ಲ.

ಪರದೇಶಗಳನ್ನು ಕುರಿತ ಹಾಡುಗಳಿಗೆ ಬರೋಣ. ೧೯೮೪ ಅಮೆರಿಕದ ಅಧ್ಯಕ್ಷ ರೇಗನ್ ಮರುಚುನಾವಣೆಗೆ ನಿಂತು ಗೆದ್ದ ವರ್ಷ. ಎಲ್ ಸಾಲ್ವಡಾರಿನಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ನಿಕರಾಗುವದ ಸರಕಾರದ ವಿರುದ್ಧ ಹೋರಾಡುವ ಪಡೆಗಳಿಗೆ ಅಮೆರಿಕದ ಬೆಂಬಲವಿತ್ತು. ವಿಯೆಟ್ನಾಮ್ ಯುದ್ಧ ಮುಗಿದು ಒಂದು ದಶಕವೂ ಕಳೆದಿರಲಿಲ್ಲ. ‘ವಿಯೆಟ್ನಾಮ್’ ಎಂಬ ಹಾಡು ಸತ್ತವರ ಸಂಖ್ಯೆಯನ್ನು ಪಕ್ಕಪಕ್ಕದಲ್ಲಿಟ್ಟು, ಅಮೆರಿಕನ್ನರ ಸಾವಿಗಿಂತ ಏಷ್ಯದವರ ಸಾವು ಎಷ್ಟು ಪಾಲು ಹೆಚ್ಚೆಂಬುದನ್ನು ಲೆಕ್ಕಹಾಕಿ ಕೇಳುತ್ತದೆ. ಒಂದು ದೇಶ ಕೆಂಪಾದರೆ ನೆರೆಯ ದೇಶಗಳೂ ಸಾಲಾಗಿ ಉರುಳುವುವೆಂಬ ಅಂದಿನ ವಾದವನ್ನು ಹಂಗಿಸುತ್ತದೆ. ಅಂಕಿಯನ್ನು ಹಾಡಿನಲ್ಲಿ ನಿಲ್ಲಿಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಈ ಪ್ರಯತ್ನವನ್ನು ಮೆಚ್ಚಬೇಕು.

ಆದರೆ ‘ಕರೋನಾ’ ಮತ್ತು ‘ಅನ್‌ಟೈಟಲ್ಡ್ ಸಾಂಗ್ ಫಾರ್ ಲ್ಯಾಟಿನ್ ಅಮೆರಿಕ’ ಎಂಬ ಎರಡು ಹಾಡುಗಳನ್ನು ಹೋಲಿಸಿದರೆ ನಮ್ಮ ವಾದದ ತಿರುಳು ತಿಳಿಯುತ್ತದೆ. ಮೊದಲನೆಯದರ ಹಿನ್ನೆಲೆ ಇದು: ಅಮೆರಿಕದ ಸ್ವಾತಂತ್ರ್ಯದಿನದಂದು ಗೆಳೆಯರು ಗಡಿದಾಟಿ ಮೆಕ್ಸಿಕೊದ ಕಡಲತೀರದಲ್ಲಿ ಕುಡಿದು ಕಾಲ ಕಳೆದರು. ಬೆಳಗ್ಗೆ ಎದ್ದು ನೋಡಿದರೆ, ಅವರು ಬಿಸುಟ ಬಿಯರಿನ ಸೀಸೆಗಳನ್ನು ಬಡ ಹೆಂಗಸೊಬ್ಬಳು ಕೊಂಚ ಕಾಸಿಗಾಗಿ ಆರಿಸುತ್ತಿದ್ದಳು. ‘ಕರೋನಾ’ ಎಂಬುದು ಆ ಬಿಯರಿನ ಹೆಸರು. ಹಾಡಿನಲ್ಲಿ ಉಪದೇಶ ಬಹಳ ಕಡಮೆ. ಒಂದು ಸೀಸೆ ಎರಡು ದೇಶಗಳ ಸಂಬಂಧವನ್ನು ತೋರಿಸಿಕೊಡುತ್ತದೆ; ಹಾಡುವವನು ತಾನು ಯಾವ ಪಕ್ಕದಲ್ಲಿ ನಿಂತಿದ್ದೇನೆಂಬುದನ್ನು ಬಲ್ಲ. ಎರಡನೆಯ ಹಾಡಿನಲ್ಲಿ ಸಹಾನುಭೂತಿಗೆ ಕೊರತೆಯಿಲ್ಲ, ಕೋಪವೂ ನ್ಯಾಯವಾದುದೇ. ಆದರೆ ಅಲ್ಲಿ ಕಾಣುವುದು ಸಭೆಗಳ ಮಾತು. ಆಪಾದನೆಯಿದೆ, ಕಂಡ ಸಂಗತಿಯಿಲ್ಲ. ಲ್ಯಾಟಿನ್ ಅಮೆರಿಕವೆಂಬ ಅಷ್ಟು ವಿಶಾಲವಾದ ಖಂಡದ ಒಬ್ಬ ವ್ಯಕ್ತಿಯೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಣದಲ್ಲಿ ಮಿತವ್ಯಯವನ್ನು ಪಾಲಿಸಿದವರು ಇಲ್ಲಿ ಮಾತಿನಲ್ಲಿ ದುಂದುಗಾರರಾದರು. ಈ ಹಾಡನ್ನು ಮೂವರೂ ಆರಿಸದೆ ಬಿಟ್ಟಿದ್ದು, ಅದು ಜೊಳ್ಳಿನ ಮಗ್ಗುಲಿಗೆ ಬಂದಿರುವುದು ಅರ್ಥಗರ್ಭಿತವಾಗಿದೆ.

೫

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಕೃತಿಯಲ್ಲಿ ಅತ್ಯಂತ ಮುಖ್ಯವಾದ ಹಾಡು ‘ಹಿಸ್ಟರಿ ಲೆಸನ್, ಪಾರ್ಟ್ ಟು’, ಅಂದರೆ ಇತಿಹಾಸದ ಪಾಠ, ಎರಡನೆಯ ಭಾಗ. ಮೊದಲನೆಯ ಭಾಗವಿರುವುದು ೧೯೮೧ರ ‘ದ ಪಂಚ್ ಲೈನ್’ ತಟ್ಟೆಯಲ್ಲಿ. ಮನುಷ್ಯ ನೆಟ್ಟಗೆ ನಿಂತು ನಡೆಯತೊಡಗಿದಂದಿನಿಂದ ಇಂದಿನವರೆಗೆ ಮನುಷ್ಯನು ಮನುಷ್ಯನನ್ನು ಅಧಿಕಾರಕ್ಕಾಗಿ ಕೊಂದ ಕಥೆಯನ್ನು ಅದು ಒಂದು ನಿಮಿಷದೊಳಗೆ ಹೇಳಿಮುಗಿಸುತ್ತದೆ. ಹದಿಹರೆಯ ದಾಟಿದ ಹೊಸತರಲ್ಲಿ ಎಲ್ಲರೂ ಬರೆಯಲು ಹಂಬಲಿಸುವ ವಿಶ್ವಚರಿತ್ರೆ ಅದು. ಅದರಲ್ಲಿ ಆವೇಶವುಂಟು, ಆದರೆ ಯಾರ ಹೆಸರೂ ಇಲ್ಲ, ಊರೂ ಇಲ್ಲ.

ಮೂರು ವರ್ಷಗಳ ಅನಂತರ ಬಂದ ಎರಡನೆಯ ಭಾಗದಲ್ಲಿ ಪ್ರಪಂಚವೆಲ್ಲ ಸರಿದುಹೋಗಿ ಇಬ್ಬರು ಹುಡುಗರು ಉಳಿದುಕೊಂಡಿದ್ದಾರೆ. ಹಾಡಿನ ನಡೆ ನಿಧಾನ, ಧ್ವನಿ ಮೃದು. ಎಷ್ಟೋ ವರ್ಷ ಜೊತೆಯಾಗಿ ನುಡಿಸುತ್ತ ಬಂದದ್ದು, ಪಂಕ್ ಸಂಗೀತ ತಮ್ಮ ಬಾಳನ್ನು ಬದಲಿಸಿದ್ದು, ಯಾವ ಯಾವ ಗಾಯಕರನ್ನು ಮೆಚ್ಚಿ ಅನುಕರಿಸಿದ್ದು: ಇಷ್ಟೇ ವಸ್ತು. ಬರೆದವರು ವಾಟ್, ಹಾಡಿದವರು ಬೂನ್. ಹಾಡಿನಲ್ಲಿ ವಾಟರ ಹೆಸರು ಬರುತ್ತದೆ. ಹೀಗೆ ಒಬ್ಬರ ಆತ್ಮಕಥೆಯನ್ನು ಇನ್ನೊಬ್ಬರ ಬಾಯಿಂದ ಕೇಳುತ್ತೇವೆ. ಯಾರ ಕಥೆ ಎಲ್ಲಿ ಮುಗಿದು ಯಾರದು ಎಲ್ಲಿ ತೊಡಗುತ್ತದೆಂದು ಹೇಳಲಾಗುವುದಿಲ್ಲ. ಪಂಕ್ ಎಂದರೆ ಇಂಥದೇ ವೇಷ, ಇಂಥದೇ ವೇಗ ಎಂದು ಕಟ್ಟುಮಾಡಿಕೊಂಡಿದ್ದ ಕಿರಿಯ ಕೇಳುಗರು ಇವರನ್ನು ಹೊರಗಿನವರೆಂದು ಕಾಣುತ್ತಿದ್ದ ಕಾಲ ಅದು. ನಾವೂ ನಿಮ್ಮಂಥವರೇ ಎಂದು ಅವರಿಗೆ ತಿಳಿಸುವುದು ವಾಟರ ಉದ್ದೇಶವಾಗಿತ್ತು.

ಒಂದನೆಯ ಪಾಠದಿಂದ ಎರಡನೆಯ ಪಾಠಕ್ಕೆ ಬಂದದ್ದು ಕುಗ್ಗುವಿಕೆಯೇ, ಬೆಳವಣಿಗೆಯೇ ಎಂಬುದು ವಿಚಾರಾರ್ಹ. ಪ್ರಪಂಚದ ದುಃಖವನ್ನು ಬಿಟ್ಟು ತಮ್ಮ ಗೆಳೆತನವನ್ನು ಹಾಡಿಕೊಳ್ಳುವುದು ಹಿಮ್ಮೆಟ್ಟುವಿಕೆಯೆಂದು ವಾದಿಸಬಹುದು. ನಮ್ಮ ಅಭಿಪ್ರಾಯ ಬೇರೆ. ಎಲ್ಲ ಕಾಲದ ಎಲ್ಲರ ಬಗ್ಗೆ ಹೇಳುವ ಚರಿತ್ರೆಯನ್ನು ಯಾರು ಬೇಕಾದರೂ ಬರೆದಿರಬಹುದು; ಅದಕ್ಕೆ ಸಾಕ್ಷಿ ಬೇಕಿಲ್ಲ. ಸ್ಯಾನ್ ಪೀಡ್ರೊದ ಇಬ್ಬರು ಬಡಹುಡುಗರ ಚರಿತ್ರೆಯನ್ನು ಅವರಲ್ಲದೆ ಬೇರೆ ಯಾರೂ ಬರೆಯುವಂತಿರಲಿಲ್ಲ. ತಮ್ಮ ಬಾಳು ಕೂಡ ಪಾಠವಾಗಬಲ್ಲದು, ಇತಿಹಾಸವೆಂಬ ಹೆಸರಿಗೆ ತಕ್ಕುದು ಎಂದು ಅವರು ತಿಳಿದುಕೊಂಡದ್ದೇ ಇಲ್ಲಿನ ದೊಡ್ಡ ಹೆಜ್ಜೆ. ಅದನ್ನು ಪಾಠವೆಂದು ಕರೆದಿರುವಲ್ಲಿ ಒಂದಿಷ್ಟು ಹಾಸ್ಯವೂ ಇದೆ. ಆ ಹಾಸ್ಯ ಹಾಡನ್ನು ಆತ್ಮಪ್ರಶಂಸೆಯಿಂದ ಕಾಪಾಡಿದೆ.

ಆದರೂ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ವಿಯೆಟ್ನಾಮನ್ನೂ ಪಶ್ಚಿಮ ಜರ್ಮನಿಯನ್ನೂ ಮಧ್ಯ ಅಮೆರಿಕವನ್ನೂ ಬಲ್ಲ ಈ ಕೃತಿಯಲ್ಲಿ ೧೯೨೩ರ ಬಂದರು ಸಂಪಿಗೆ ಸ್ಥಳವಿಲ್ಲ. ತಮ್ಮ ಗೆಳೆತನಕ್ಕೂ ದೂರದೇಶಗಳ ಯುದ್ಧಕ್ಕೂ ನಡುವೆ ಊರೆಂಬುದೊಂದಿದೆ, ಅದರ ಹಿಂದಿನ ತಲೆಮಾರಿನವರಿದ್ದಾರೆ ಎಂಬ ಅರಿವು ಹಾಡುಗಳಲ್ಲಿ ತೆಳುವಾಗಿದೆ. ರಕ್ಷಾಪುಟದ ಫಲಕದಲ್ಲಿ ಊರಿನ ಹೆಸರಿದೆ. ಹಾಡುಗಳಲ್ಲಿ ಊರಿನ ನೆನಪು ಕಡಮೆ. ಹಾಡುಗಾರರು ಚರಿತ್ರಕಾರರಾಗಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಇತಿಹಾಸದ ಪಾಠವೆಂದು ತಾವೇ ಹೆಸರಿಟ್ಟವರನ್ನು ಇಷ್ಟು ಕೇಳುವುದು ಅನುಚಿತವಾಗಲಾರದು.

೬

ಇನ್ನು ಜೊಳ್ಳಿನ ಮಗ್ಗುಲು. ಕೃತಿಯ ಒಂದು ಭಾಗವನ್ನು ಕೃತಿಕಾರನೇ ಜೊಳ್ಳೆಂದು ಕರೆದುಬಿಟ್ಟರೆ ವಿಮರ್ಶಕನ ಕೈ ಕಟ್ಟಿದಂತಾಗುತ್ತದೆ. ಇದು ವಿನಯವೋ ಜಾಣತನವೋ ಎಂದು ಸಂಶಯ ಬರುವುದು ಸಹಜ. ಅಲ್ಲಿ ಅನ್ಯರ ಹಾಡುಗಳ ಪುನರ್ಗಾಯನವಿದೆ. ಕೃತಿಯಲ್ಲಿ ಕೆ‌ಲವು ಹಾಡುಗಳ ಸಾಹಿತ್ಯ ಗೆಳೆಯರದು. ಅವುಗಳಲ್ಲಿ ಒಂದೆರಡು ಬರೆದವರಿಗಲ್ಲದೆ ಇತರರಿಗೆ ಅರ್ಥವಾಗುವಂತಿಲ್ಲ. ಸಂಕ್ಷೇಪ ಒಳ್ಳೆಯದೇ, ಆದರೆ ಹೇಳಬೇಕಾದುದು ಸ್ಪಷ್ಟವಾಗಿರದಿದ್ದರೆ ಚಿಕ್ಕ ಹಾಡು ಕೂಡ ಉದ್ದವೆನಿಸುತ್ತದೆ. ಅದೇ ಮಗ್ಗುಲಿನ ‘ಜೂನ್ ಸಿಕ್ಸ್‌ಟೀನ್ತ್’ ಎಂಬ ತುಣುಕು, ಜೇಮ್ಸ್ ಜಾಯ್ಸರ ‘ಯುಲಿಸಿಸ್’ ಕಾದಂಬರಿ ನಡೆಯುವ ದಿನವನ್ನು ನೆನೆಯುವಂಥದು, ಜೊಳ್ಳಿನಲ್ಲಿ ಸಿಕ್ಕ ಗಟ್ಟಿಕಾಳು.

ಸಂಶೋಧಕನ ದೃಷ್ಟಿಯಿಂದ ನೋಡಿದರೆ ಜೊಳ್ಳನ್ನು ಉಳಿಸಿದುದೇ ಲೇಸು. ತೂರಿ ಹಸನುಮಾಡಿದ ಕಾಳು ರೈತನ ಜಾಣ್ಮೆಯನ್ನು ತೋರಿಸುತ್ತದೆ. ಬೆಳೆ ಹೇಗೆ ಬಂದಿತ್ತೆಂಬುದನ್ನು ತಿಳಿಯಲು ರಾಶಿಯನ್ನೆಲ್ಲ ನೋಡಬೇಕು. ಹೀಗಿರುವಲ್ಲಿ, ೧೯೮೦ರ ದಶಕದ ಕೊನೆಯಲ್ಲಿ ಈ ಕೃತಿಯನ್ನು ಸಿ.ಡಿ. ರೂಪದಲ್ಲಿ ತಂದಾಗ, ಸ್ಥಳ ಸಾಲದೆಂದು ಕೆಲವು ತುಣುಕುಗಳನ್ನು ಕೈಬಿಟ್ಟದ್ದು ವಿಷಾದಕರ. ಹೊಸ ಸಾಧನ ಬಂದಾಗಲೆಲ್ಲ ಹಳೆಯ ಆಕರದಲ್ಲಿ ಒಂದಿಷ್ಟು ಕಳೆದುಹೋಗುತ್ತದೆಂಬುದಕ್ಕೆ ಇದೊಂದು ಉದಾಹರಣೆ. ಅಭ್ಯಾಸಿಗಳು ಮೂಲ ಜೋಡಿತಟ್ಟೆಯ ಕ್ರಮವನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕು; ಯಾರು ಯಾವ ಹಾಡನ್ನು ಆರಿಸಿದರು, ಯಾವುದನ್ನು ಬಿಟ್ಟರು ಎಂಬ ಸಾಕ್ಷ್ಯ ಆ ಕ್ರಮದಲ್ಲಿದೆ.

ಆಕರ ವಿಮರ್ಶೆಗೆ ಸಂಬಂಧಿಸಿದಂತೆ ಇನ್ನೊಂದು ಮಾತು. ಈ ತಂಡದವರು ಪ್ರಪಂಚವನ್ನೆಲ್ಲ ಎರಡೇ ವರ್ಗಗಳಾಗಿ ವಿಂಗಡಿಸುತ್ತಿದ್ದರು: ಕಚೇರಿ ಮತ್ತು ಕರಪತ್ರ. ಜನರ ಮುಂದೆ ನುಡಿಸುವುದು ಕಚೇರಿ. ಉಳಿದುದೆಲ್ಲವೂ, ತಟ್ಟೆಗಳೂ ಸೇರಿದಂತೆ, ಜನರನ್ನು ಕಚೇರಿಗೆ ಕರೆಯುವ ಕರಪತ್ರ. ಅಂದರೆ ಇಂದು ನಾವು ಮೇರುಕೃತಿಯೆಂದು ಆದರಿಸುವುದನ್ನು ಅವರು ಆಹ್ವಾನಪತ್ರವೆಂದು ಎಣಿಸಿದ್ದರು. ೧೯೮೫ರ ಡಿಸೆಂಬರ್ ೨೨ರಂದು ಅರಿಜೋನಾದಲ್ಲಿ ವ್ಯಾನು ಅಪಘಾತಕ್ಕೀಡಾಗಿ ಬೂನ್ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ತಂಡ ಅಲ್ಲಿಗೆ ಮುಗಿಯಿತು. ಕಚೇರಿ ನಿಂತುಹೋಗಿ ಕರಪತ್ರ ಉಳಿಯಿತು. ಅಕಾಲಮರಣ ಕಲಾವಿದರ ಸುತ್ತ ಪುರಾಣಗಳನ್ನು ಹೆಣೆಯುತ್ತದೆ. ಕೃತಿಯ ಗುಣದೋಷಗಳನ್ನು ತೂಗುವವರು ಆ ಪುರಾಣವನ್ನು ಪಕ್ಕಕ್ಕಿರಿಸುವುದು ಯುಕ್ತ. ನಾವು ಕೊರತೆಗಳನ್ನು ಮರೆಮಾಚದೆ ಹೇಳಿರುವುದೂ ಆ ಕಾರಣದಿಂದ.

ಒಟ್ಟಿನಲ್ಲಿ, ‘ಡಬಲ್ ನಿಕಲ್ಸ್ ಆನ್ ದ ಡೈಮ್’ ಸಮನಾದ ಕೃತಿಯಲ್ಲ. ಸಮನಾಗಿರಬೇಕೆಂಬ ಉದ್ದೇಶವೂ ಅದಕ್ಕಿಲ್ಲ. ಕಂಡ ಸೀಸೆ, ದುಡಿದ ಅಂಗಡಿ, ಬಂದ ಚೀಟಿ, ಒಬ್ಬ ಗೆಳೆಯ ಇವುಗಳನ್ನು ಹಿಡಿದು ಹಾಡಿದಾಗ ಅದು ತನ್ನ ಕಾಲದ ಬಗ್ಗೆ ವೃತ್ತಪತ್ರಿಕೆಗಳೂ ಸರಕಾರಿ ವರದಿಗಳೂ ಹೇಳದುದನ್ನು ಹೇಳುತ್ತದೆ. ನೆಲ ಬಿಟ್ಟು ಘೋಷಣೆಗೆ ತೊಡಗಿದಾಗ ಇತರರು ಹೇಳಿದುದನ್ನೇ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಸಾಮಾಜಿಕ ಚರಿತ್ರೆಯನ್ನು ಬೋಧಿಸುವವರು ರೇಗನ್ ಯುಗದ ಅಮೆರಿಕವನ್ನು ಕುರಿತ ಪಾಠದಲ್ಲಿ ಇದರ ಮೂರು ನಾಲ್ಕು ಹಾಡುಗಳನ್ನಾದರೂ ವಿದ್ಯಾರ್ಥಿಗಳಿಗೆ ಕೇಳಿಸಬೇಕೆಂದು ನಾವು ಸೂಚಿಸುತ್ತೇವೆ. ಅದಕ್ಕೆ ತಗಲುವ ಸಮಯ ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ.